ಕಾಂಕ್ರೀಟಿಗೆ ನೆರಳು, ಕೂಲಿಗೆ ಬಿಸಿಲು

ಬೇಸಿಗೆ ಏರತೊಡಗಿದಾಗ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸುವುದು ಹಲವು ವರ್ಷಗಳ ರೂಢಿ. ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಇದರಲ್ಲಿ ತಪ್ಪು ಹುಡುಕುವ ಉದ್ದೇಶ ನನಗಿಲ್ಲ. ಆ ಸೀಮೆಯ ಮೇ ತಿಂಗಳ ಎರಡು ಗಂಟೆಯ ಬಿಸಿಲನ್ನು ಕಂಡವರು ಯಾರೂ ತಪ್ಪು ಹುಡುಕಲಾರರು. ಆದರೆ ಈ ಒಂದು ಹಾಳೆಯಲ್ಲಿ ಸರ್ಕಾರ ಎಷ್ಟೆಲ್ಲ ಒಪ್ಪಿಕೊಂಡಿದೆ ನೋಡಿ. ಮಧ್ಯಾಹ್ನದ ನಂತರ ಅಲ್ಲಿ ಮನುಷ್ಯ ಸರಿಯಾಗಿ ಕೆಲಸ ಮಾಡಲಾರ ಎಂಬುದನ್ನು ಒಪ್ಪಿಕೊಂಡಿದೆ. ಅದಕ್ಕೆ ಮದ್ದು ಹೊತ್ತು ಬದಲಿಸುವುದು ಎಂಬುದನ್ನೂ ಒಪ್ಪಿಕೊಂಡಿದೆ. ಹೊತ್ತು ಬದಲಾದುದಕ್ಕೆ ಯಾರ ಸಂಬಳವನ್ನೂ ಕಡಿಯಬಾರದು ಎಂಬುದನ್ನಂತೂ ಹೇಳುವ ಅಗತ್ಯವೇ ಇಲ್ಲದಷ್ಟು ಸಹಜವಾಗಿ ಒಪ್ಪಿಕೊಂಡಿದೆ. ಉದ್ಯೋಗ ಖಾತ್ರಿಯಲ್ಲೂ ಬೇಸಿಗೆಯಲ್ಲಿ ಈ ಭಾಗದವರಿಗೆ ಅಗೆಯಬೇಕಾದ ಮಣ್ಣಿನ ಅಳತೆಯಲ್ಲಿ ರಿಯಾಯಿತಿ ಕೊಟ್ಟಿರುವುದುಂಟು.

ಇಷ್ಟೆಲ್ಲ ತಿಳಿವಳಿಕೆ ಇರುವ ವ್ಯವಸ್ಥೆಯಲ್ಲಿ, ಕಚೇರಿಗೆ ಬೀಗ ಬೀಳುವ ಹೊತ್ತಿಗೆ ಎದುರಿನ ಕಟ್ಟಡದ ಮೂರನೇ ಮಹಡಿಯ ಸಾರವೆ ಮೇಲೆ ನಿಂತು ಗಾರೆ ಮಾಡುತ್ತಿರುವವನು ಎಲ್ಲಿ ಬರುತ್ತಾನೆ? ಎಲ್ಲೂ ಬರುವುದಿಲ್ಲ. ಅವನ ಪಾಲಿಗೆ ಇರುವುದು ಸಲಹೆ. ನೀರು ಕುಡಿಯಿರಿ, ಹತ್ತಿ ಬಟ್ಟೆ ತೊಡಿ, ತಲೆಗೆ ಟವಲು ಸುತ್ತಿಕೊಳ್ಳಿ, 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ. ಕೊನೆಯ ಮಾತನ್ನು ಓದಿ ಅವನು ನಗದಿದ್ದರೆ ಅದು ಅವನ ದೊಡ್ಡತನ.

ನನ್ನ ವಾದ ಇಷ್ಟೇ: ಬಿಸಿಲಿನಲ್ಲಿ ಎತ್ತರದ ಮೇಲೆ ದುಡಿಯುವವರ ಸುರಕ್ಷತೆ ಅವರ ಕೈಯಲ್ಲಿರುವ ನೀರಿನ ಬಾಟಲಿಯ ವಿಷಯವಲ್ಲ. ಅದು ಕೆಲಸದ ಹೊತ್ತನ್ನೂ ಕೂಲಿಯ ಲೆಕ್ಕವನ್ನೂ ನಿರ್ಧರಿಸುವವರ ಕೈಯಲ್ಲಿರುವ ವಿಷಯ. ಬಾಟಲಿಯ ಬಗ್ಗೆ ಉಪದೇಶ ಜಾಸ್ತಿಯಾದಷ್ಟೂ ಹೊತ್ತು ಮತ್ತು ಕೂಲಿಯ ಪ್ರಶ್ನೆ ಹಿಂದೆ ಸರಿಯುತ್ತದೆ.

ಈ ಪ್ರಶ್ನೆ ಹಿಂದೆ ಸರಿಯಲು ಇನ್ನೊಂದು ಕಾರಣವೂ ಇದೆ. ನಾವು ಬಿಸಿಲು ಮತ್ತು ಎತ್ತರ ಇವೆರಡನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟಿದ್ದೇವೆ. ಬಿಸಿಲು ಆರೋಗ್ಯ ಇಲಾಖೆಯದು, ಎತ್ತರ ಕಾರ್ಮಿಕ ಇಲಾಖೆಯದು. ಬಿಸಿಲಿಗೆ ಮಜ್ಜಿಗೆ, ಎತ್ತರಕ್ಕೆ ಸೇಫ್ಟಿ ಬೆಲ್ಟು. ಕಾರ್ಮಿಕ ಬಿದ್ದಾಗ ಪತ್ರಿಕೆಯಲ್ಲಿ ಬರುವ ಸುದ್ದಿ ‘ಆಯತಪ್ಪಿ ಬಿದ್ದು ಸಾವು’ ಎಂದಿರುತ್ತದೆ. ಠಾಣೆಯ ದಾಖಲೆಯೂ ಅದನ್ನೇ ಹೇಳುತ್ತದೆ. ಬಿದ್ದಾಗ ಉಷ್ಣಾಂಶ ಎಷ್ಟಿತ್ತು, ಅವನು ಕೊನೆಯ ಬಾರಿ ನೀರು ಕುಡಿದದ್ದು ಯಾವಾಗ, ಆ ಕೆಲಸಕ್ಕೆ ಬಂದು ಎಷ್ಟು ದಿನವಾಗಿತ್ತು ಎಂದು ಬರೆಯಲು ಯಾವ ಫಾರಮ್ಮಿನಲ್ಲೂ ಜಾಗವಿಲ್ಲ. ಹೀಗಾಗಿ ಬಿಸಿಲು ಕೊಂದದ್ದು ಬೀಳುವಿಕೆಯ ಖಾತೆಗೆ ಜಮೆಯಾಗುತ್ತದೆ. ಬಿಸಿಲಿನಿಂದ ಸತ್ತವರ ಪಟ್ಟಿ ಚಿಕ್ಕದಾಗಿಯೇ ಉಳಿಯುತ್ತದೆ. ಪಟ್ಟಿ ಚಿಕ್ಕದಿರುವುದರಿಂದ ಸಲಹೆಯೇ ಸಾಕೆನಿಸುತ್ತದೆ.

ಈ ಲೆಕ್ಕ ಹಿಡಿದು ನೋಡಿದವರು ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಮಿಕರ ಪರಿಹಾರದ ಅರ್ಜಿಗಳನ್ನು, 2001ರಿಂದ 2018ರವರೆಗಿನ ಒಂದು ಕೋಟಿಗೂ ಹೆಚ್ಚು ದಾಖಲೆಗಳನ್ನು, ಅಪಘಾತವಾದ ದಿನದ ಉಷ್ಣಾಂಶದ ಪಕ್ಕದಲ್ಲಿಟ್ಟು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಕೆಲಸದ ಜಾಗದ ಗಾಯಗಳು ತಂಪು ದಿನಗಳಿಗಿಂತ ಶೇ 6ರಿಂದ 9ರಷ್ಟು ಹೆಚ್ಚು. ಅದರಲ್ಲೂ ಬಹುಪಾಲು ಬಿಸಿಲಿನ ಕಾಯಿಲೆ ಎಂದು ದಾಖಲಾದವಲ್ಲ. ಬಿದ್ದದ್ದು, ಯಂತ್ರಕ್ಕೆ ಕೈ ಸಿಕ್ಕಿದ್ದು, ಏನೋ ಬಡಿದದ್ದು. ಆ ರಾಜ್ಯ 2005ರಲ್ಲಿ ನೆರಳು, ನೀರು, ವಿರಾಮ ಕಡ್ಡಾಯ ಮಾಡಿದ ಮೇಲೆ ಬಿಸಿ ದಿನಗಳ ಈ ಹೆಚ್ಚಳ ಇಳಿಯಿತು ಎಂಬುದೂ ಅದೇ ಅಧ್ಯಯನದಲ್ಲಿದೆ. 32 ಡಿಗ್ರಿ ಎಂದರೆ ನಮಗೆ ಬೇಸಿಗೆಯೇ ಅಲ್ಲ, ಫೆಬ್ರುವರಿ.

ಬಿಸಿಲಿಗೂ ಬೀಳುವುದಕ್ಕೂ ಇರುವ ನಂಟು ಸರಳ ದೇಹಶಾಸ್ತ್ರ. ದುಡಿಯುವ ಸ್ನಾಯು ತಾನು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಕೆಲಸಕ್ಕೆ ಕೊಡುತ್ತದೆ. ಉಳಿದ ಮುಕ್ಕಾಲು ಪಾಲು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಅದನ್ನು ಹೊರಹಾಕಲು ರಕ್ತ ಚರ್ಮದ ಕಡೆಗೆ ಹರಿಯಬೇಕು, ಬೆವರು ಆವಿಯಾಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಬಿರುಸಿನ ಕೆಲಸದಲ್ಲಿ ಗಂಟೆಗೆ ಒಂದು ಲೀಟರ್ ಬೆವರುವುದು ವಿಶೇಷವೇನಲ್ಲ. ಆದರೆ ಚರ್ಮಕ್ಕೆ ಹೋದ ರಕ್ತ ಬೇರೆ ಎಲ್ಲಿಂದಲೋ ಬರಬೇಕಲ್ಲ? ನೀರಿನಂಶ ಇಳಿದಂತೆ ರಕ್ತದ ಒಟ್ಟು ಪ್ರಮಾಣವೇ ಕುಗ್ಗುತ್ತದೆ. ನಿಂತಲ್ಲೇ ನಿಂತವನ ಕಾಲುಗಳಲ್ಲಿ ರಕ್ತ ಮಡುಗಟ್ಟುತ್ತದೆ. ಮಿದುಳಿಗೆ ಹೋಗುವುದು ಒಂದು ಗಳಿಗೆ ಕಡಿಮೆಯಾದರೆ ಕಣ್ಣು ಕತ್ತಲೆ ಬರುತ್ತದೆ. ಓಡಾಡುವವನಿಗಿಂತ ಹಲಗೆಯ ಮೇಲೆ ಒಂದೇ ಕಡೆ ನಿಂತು ಗೋಡೆ ಉಜ್ಜುವವನಿಗೆ, ಬಣ್ಣ ಬಳಿಯುವವನಿಗೆ ಈ ಅಪಾಯ ಹೆಚ್ಚು.

ನೆಲದ ಮೇಲಿದ್ದವನು ತಲೆ ಸುತ್ತಿದರೆ ಕೂರುತ್ತಾನೆ. ಎರಡು ಗುಟುಕು ನೀರು ಕುಡಿದು, ಮುಖ ತೊಳೆದು, ಮತ್ತೆ ಏಳುತ್ತಾನೆ. ಆ ಸುತ್ತು ಅವನಿಗೊಂದು ಎಚ್ಚರಿಕೆ. ಹತ್ತು ಮೀಟರ್ ಮೇಲಿದ್ದವನಿಗೆ ಅದು ಎಚ್ಚರಿಕೆಯಾಗಲು ಪುರುಸೊತ್ತೇ ಇಲ್ಲ. ಅಷ್ಟು ಎತ್ತರದಿಂದ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ, ಮುಟ್ಟುವಾಗಿನ ವೇಗ ಗಂಟೆಗೆ 50 ಕಿಲೋಮೀಟರ್. ಅದಕ್ಕೇ ಎತ್ತರದ ಕೆಲಸಕ್ಕೆ ಬಿಸಿಲಿನ ಮಿತಿ ನೆಲದ ಕೆಲಸಕ್ಕಿಂತ ಕೆಳಗಿರಬೇಕು. ನಮ್ಮಲ್ಲಿ ಎರಡಕ್ಕೂ ಮಿತಿಯೇ ಇಲ್ಲ.

ಮಿತಿ ಯಾವುದರದು ಎಂಬಲ್ಲೂ ಗೊಂದಲವಿದೆ. ಪತ್ರಿಕೆಯಲ್ಲಿ ಬರುವ ಉಷ್ಣಾಂಶ ನೆರಳಿನದು. ಹವಾಮಾನ ಇಲಾಖೆಯ ತಾಪಮಾಪಕ ಬಿಳಿ ಬಣ್ಣದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ ತಣ್ಣಗೆ ಕುಳಿತಿರುತ್ತದೆ. ಸೆಂಟ್ರಿಂಗ್ ಹಲಗೆಯ ಮೇಲೆ ಕಬ್ಬಿಣ ಕಟ್ಟುವವನು ಪೆಟ್ಟಿಗೆಯೊಳಗಿಲ್ಲ. ಮೇಲಿನ ಸೂರ್ಯ, ಕೆಳಗಿನ ತಗಡು, ಕೈಯಲ್ಲಿ ಹಿಡಿದರೆ ಚುರ್ರೆನ್ನುವ ಸರಳು, ಇವುಗಳ ನಡುವೆ ಇದ್ದಾನೆ. ಇಲಾಖೆ ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಮುಟ್ಟದ ಹೊರತು ಬಿಸಿಗಾಳಿ ಎಂದು ಪರಿಗಣಿಸುವುದಿಲ್ಲ. ಬೆಂಗಳೂರು 2016ರ ಏಪ್ರಿಲ್‌ನಲ್ಲಿ ದಾಖಲೆಯ 39.2 ಡಿಗ್ರಿ ಕಂಡಾಗಲೂ ಆ ಗೆರೆ ದಾಟಿರಲಿಲ್ಲ.

ಇದಕ್ಕಿಂತ ಒಳ್ಳೆಯ ಅಳತೆ ಏಳು ದಶಕಗಳಿಂದ ಇದೆ. ಅಮೆರಿಕದ ಮರೀನ್ ಪಡೆಯ ತರಬೇತಿ ಶಿಬಿರಗಳಲ್ಲಿ ಹುಡುಗರು ಕುಸಿದು ಬೀಳುವುದನ್ನು ತಡೆಯಲು 1950ರ ದಶಕದಲ್ಲಿ ರೂಪಿಸಿದ ಸೂಚ್ಯಂಕ ಅದು. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕದ ಅಂಕಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಅಂಕಿಗೆ ಎರಡು ಪಾಲು, ಸಾಮಾನ್ಯ ಉಷ್ಣಾಂಶಕ್ಕೆ ಒಂದೇ ಪಾಲು. ಅಂದರೆ ನಾವು ದಿನವೂ ಮಾತಾಡುವ ಅಂಕಿಗೆ ಅದರಲ್ಲಿ ಹತ್ತನೇ ಒಂದರಷ್ಟು ಬೆಲೆ. ಕಲಬುರಗಿಯಲ್ಲಿ 42 ಡಿಗ್ರಿ, ಒಣ ಗಾಳಿ. ಒದ್ದೆ ತಾಪಮಾಪಕ 25, ಕಪ್ಪು ಗೋಳ 54 ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಮಂಗಳೂರಿನಲ್ಲಿ 33 ಡಿಗ್ರಿ, ಆದರೆ ಗಾಳಿಯೆಲ್ಲ ನೀರು. ಒದ್ದೆ ತಾಪಮಾಪಕ 29, ಗೋಳ 45. ಲೆಕ್ಕ ಹಾಕಿ ನೋಡಿ, ಎರಡೂ ಕಡೆ 32.5ರ ಆಸುಪಾಸು ಬರುತ್ತದೆ. ಒಂಬತ್ತು ಡಿಗ್ರಿ ತಂಪಾಗಿರುವ ಊರಿನಲ್ಲಿ ಮೈಗೆ ಅಷ್ಟೇ ಭಾರ. ಕರಾವಳಿಯವನಿಗೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಬಯಲುಸೀಮೆಯವನ ಬೆವರು ಮೈಮೇಲೆ ಕಾಣಿಸಿಕೊಳ್ಳುವ ಮೊದಲೇ ಬಿಸಿಗಾಳಿ ಒಯ್ದಿರುತ್ತದೆ. ಎತ್ತರದಲ್ಲಂತೂ ಗಾಳಿ ಇನ್ನೂ ಜೋರು. ‘ಅಷ್ಟೇನೂ ಬೆವರಿಲ್ಲ’ ಎಂದುಕೊಂಡೇ ಅವನು ಒಣಗುತ್ತಾನೆ. ಯಾರ ಸ್ಥಿತಿ ಹೆಚ್ಚು ಅಪಾಯದ್ದು ಎಂದು ಕೇಳಿದರೆ ನಾನು ಎರಡನೆಯವನ ಕಡೆ ಬೆರಳು ತೋರಿಸುತ್ತೇನೆ, ಅವನಿಗೆ ತನ್ನ ಸ್ಥಿತಿ ಗೊತ್ತಿರುವುದಿಲ್ಲವಾದ್ದರಿಂದ.

ಇಲ್ಲಿ ತಪ್ಪದೆ ಎದುರಾಗುವ ಮಾತೊಂದಿದೆ: ‘ಅವರಿಗೆ ಅಭ್ಯಾಸವಾಗಿದೆ ಬಿಡಿ.’ ಅರ್ಧ ಸತ್ಯ. ಬಿಸಿಲಿಗೆ ದೇಹ ಒಗ್ಗುತ್ತದೆ ನಿಜ. ಒಂದೆರಡು ವಾರ ಬಿಸಿಲಲ್ಲಿ ದುಡಿದ ಮೇಲೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಒಗ್ಗುವ ತನಕದ ದಿನಗಳೇ ಗಂಡಾಂತರದವು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಂತೆ ಬಿಸಿಲಿನಿಂದ ಕೆಲಸದಲ್ಲಿ ಸಾಯುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಯುವುದು ಮೊದಲ ದಿನವೇ. ಮೊದಲ ವಾರ ಮುಗಿಯುವುದರೊಳಗೆ ಶೇ 70ಕ್ಕೂ ಹೆಚ್ಚು. ಹಾಗಾಗಿ ಹೊಸಬರಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಲ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಿ ಎನ್ನುವುದು ಅವರ ಸಲಹೆ. ರಜೆ ಮುಗಿಸಿ ಬಂದ ಹಳಬರಿಗೂ ಮೊದಲ ದಿನ ಅರ್ಧ ಹೊತ್ತಷ್ಟೇ. ಏಕೆಂದರೆ ಒಗ್ಗಿದ್ದು ಒಂದೆರಡು ವಾರ ಬಿಟ್ಟರೆ ಕಳೆದುಹೋಗತೊಡಗುತ್ತದೆ.

ಇದನ್ನು ನಮ್ಮ ಪಂಚಾಂಗಕ್ಕೆ ಹೊಂದಿಸಿ ನೋಡಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡಗಳಿಗೆ ದುಡಿಯಲು ಬಂದವರು ಯುಗಾದಿಗೆ ಊರಿಗೆ ಹೋಗುತ್ತಾರೆ. ಹಬ್ಬ, ಜಾತ್ರೆ, ಒಂದು ಮದುವೆ ಎಂದು ದಿನಗಳು ಕಳೆಯುತ್ತವೆ. ತಿರುಗಿ ಬರುವುದು ಬಿಸಿಲು ನೆತ್ತಿಗೇರಿದ ಏಪ್ರಿಲ್‌ನಲ್ಲಿ, ಕೈ ಬರಿದು ಮಾಡಿಕೊಂಡು, ಮೇಸ್ತ್ರಿಯ ಹತ್ತಿರ ಮುಂಗಡ ಪಡೆದು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಬೆಳಗ್ಗೆಯೇ ಸಾರವೆ ಹತ್ತುವವರಿದ್ದಾರೆ. ಅವರಲ್ಲಿ ಯಾರಿಗೂ ‘ಇವತ್ತು ಕೆಳಗಡೆ ಕೆಲಸ ಮಾಡು, ಮೇಲೆ ಹೋಗಬೇಡ’ ಎಂದು ಮೇಸ್ತ್ರಿ ಹೇಳುವುದಿಲ್ಲ. ಹೇಳಬೇಕು ಎಂದು ಅವನಿಗೆ ಯಾರೂ ಕಲಿಸಿಲ್ಲ. ಒಂದು ರೂಪಾಯಿ ಖರ್ಚಿಲ್ಲದೆ ಜೀವ ಉಳಿಸಬಹುದಾದ ನಿಯಮ ಇದೊಂದೇ ಇರಬಹುದು. ಇನ್ನು ಸಂಜೆ ಅವರು ಮರಳುವುದು ತಗಡಿನ ಶೆಡ್ಡಿಗೆ. ಹಗಲಿಡೀ ಕಾದ ಅದು ರಾತ್ರಿ ಹತ್ತಾದರೂ ಆರಿರುವುದಿಲ್ಲ. ನಿದ್ದೆಗೆಟ್ಟವನ ಕಾಲು ಮರುದಿನ ಹಲಗೆಯ ಮೇಲೆ ಎಲ್ಲಿ ಬೀಳುತ್ತದೋ ಹೇಳಲಾಗದು. ಕಾರ್ಮಿಕರ ವಸತಿಯನ್ನು ಕೆಲಸದ ಸುರಕ್ಷತೆಯ ಭಾಗವೆಂದು ನೋಡಿದ ಗುತ್ತಿಗೆದಾರರು ಅಪರೂಪ.

ನೀರಿನ ವಿಷಯಕ್ಕೂ ಬರೋಣ. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು, ಬಾಯಾರಿಕೆಗೆ ಕಾಯಬಾರದು ಎಂಬುದು ಸರಿಯಾದ ಸಲಹೆಯೇ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು, ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಉಪ್ಪು ತೆಳುವಾಗಿ ಅದೂ ಅಪಾಯ; ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ನಮ್ಮಲ್ಲಿ ಇದ್ದೇ ಇದೆ. ಆದರೆ ಐದನೇ ಮಹಡಿಯ ಸಾರವೆ ಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ತರುವವರು ಯಾರು? ಕೊಡ ಇರುವುದು ಕೆಳಗೆ. ಇಳಿದು ಹತ್ತಲು ಕಾಲು ಗಂಟೆ. ಕೂಲಿ ದಿನದ ಲೆಕ್ಕದ್ದಾದರೆ ಮೇಸ್ತ್ರಿ ಕಣ್ಣು ಕೆಂಪಾಗುತ್ತದೆ. ಚದರಕ್ಕಿಷ್ಟು ಎಂದು ಗುತ್ತಿಗೆ ಹಿಡಿದಿದ್ದರೆ ಆ ಕಾಲು ಗಂಟೆ ಅವನ ಜೇಬಿನಿಂದಲೇ ಹೋಗುತ್ತದೆ. ಹೆಂಗಸರದು ಇನ್ನೊಂದು ಪಾಡು. ಕೆಲಸದ ಜಾಗದಲ್ಲಿ ಬಾಗಿಲಿರುವ ಶೌಚಾಲಯ ಇಲ್ಲದಿದ್ದರೆ ಬೆಳಗಿನಿಂದ ಅವರು ಬೇಕೆಂದೇ ನೀರು ಕುಡಿಯುವುದಿಲ್ಲ. ಜಲ್ಲಿ ಬಾಂಡ್ಲಿ ತಲೆಯ ಮೇಲಿಟ್ಟು ಮೆಟ್ಟಿಲು ಹತ್ತುವವರು ಅವರೇ. ‘ನೀರು ಕುಡಿಯಿರಿ’ ಎಂಬ ಫಲಕವನ್ನು ಗೇಟಿಗೆ ನೇತುಹಾಕುವವರು ಒಳಗೆ ಹೋಗಿ ಶೌಚಾಲಯವಿದೆಯೇ ನೋಡಿದರೆ ಆ ಫಲಕಕ್ಕೊಂದು ಅರ್ಥ ಬಂದೀತು.

ಈಗ ಕಾಂಕ್ರೀಟಿನ ಕತೆ. ಬಿಸಿ ಹವೆಯಲ್ಲಿ ಕಾಂಕ್ರೀಟ್ ಹಾಕುವುದು ಹೇಗೆ ಎಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಪ್ರತ್ಯೇಕ ಸಂಹಿತೆಯೇ ಇದೆ, ಐಎಸ್ 7861ರ ಮೊದಲ ಭಾಗ, 1975ರಷ್ಟು ಹಳೆಯದು. ವಾತಾವರಣದ ಉಷ್ಣಾಂಶ 40 ಡಿಗ್ರಿ ದಾಟಿದರೆ ವಿಶೇಷ ಎಚ್ಚರ ಬೇಕು ಎನ್ನುತ್ತದೆ ಅದು. ಜಲ್ಲಿಯನ್ನು ನೆರಳಲ್ಲಿಡಿ, ನೀರು ತಣ್ಣಗಿರಲಿ, ಬೇಕಾದರೆ ಮಂಜುಗಡ್ಡೆ ಬಳಸಿ, ಹಾಕಿದ ಮೇಲೆ ಬಿಸಿಲು ಗಾಳಿಗೆ ಒಣಗದಂತೆ ಒದ್ದೆ ಗೋಣಿ ಮುಚ್ಚಿ. ಮೋಲ್ಡ್ ಹಾಕುವ ದಿನ ಬೆಳಕು ಹರಿಯುವ ಮುಂಚೆಯೇ ಕೆಲಸ ಶುರು ಮಾಡುವ ಎಂಜಿನಿಯರುಗಳಿದ್ದಾರೆ, ಬಿಸಿಲೇರಿದರೆ ಬಿರುಕು ಬಿಡುತ್ತದೆಂದು. ಅದು ಜಾಣತನವೇ. ಆದರೆ ಅದೇ ಛಾವಣಿಯ ಮೇಲೆ ಮರುದಿನ ಮಟಮಟ ಮಧ್ಯಾಹ್ನ ಕೆಲಸಗಾರರನ್ನು ನಿಲ್ಲಿಸುವಾಗ ಈ ಜಾಣತನ ಎಲ್ಲಿ ಹೋಗುತ್ತದೆ? ಹೊತ್ತು ಬದಲಿಸಲು ಬರುವುದಿಲ್ಲ, ನೆರಳು ಮಾಡಲು ಆಗುವುದಿಲ್ಲ, ತಣ್ಣೀರು ಮೇಲೇರಿಸುವುದು ಕಷ್ಟ ಎನ್ನುವ ಉದ್ಯಮ ಇವೆಲ್ಲವನ್ನೂ ಸಿಮೆಂಟಿಗಾಗಿ ಐವತ್ತು ವರ್ಷಗಳಿಂದ ಮಾಡುತ್ತ ಬಂದಿದೆ. ಕಾಂಕ್ರೀಟ್ ಬಿರುಕು ಬಿಟ್ಟರೆ ನಷ್ಟ ಗುತ್ತಿಗೆದಾರನದು. ಮನುಷ್ಯ ಕುಸಿದರೆ ನಷ್ಟ ಅವನ ಹೆಂಡತಿ ಮಕ್ಕಳದು. ವ್ಯತ್ಯಾಸ ಇಷ್ಟೇ, ಬೇರೆ ಯಾವ ತಾಂತ್ರಿಕ ಕಾರಣವೂ ಇಲ್ಲ.

ಹೊತ್ತು ಬದಲಿಸುವ ಕಾನೂನು ಹೊಸ ಕಲ್ಪನೆಯೂ ಅಲ್ಲ. ಪಕ್ಕದ ಕೇರಳದಲ್ಲಿ ಕಾರ್ಮಿಕ ಇಲಾಖೆ ಪ್ರತಿ ಬೇಸಿಗೆಯಲ್ಲಿ ಕನಿಷ್ಠ ಕೂಲಿ ನಿಯಮಗಳಡಿ ಆದೇಶ ಹೊರಡಿಸಿ ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕಡ್ಡಾಯ ಮಾಡುತ್ತದೆ. ಎಂಟು ಗಂಟೆಯ ಕೆಲಸವನ್ನು ಬೆಳಗ್ಗೆ 7 ಮತ್ತು ಸಂಜೆ 7ರ ನಡುವೆ ಹೊಂದಿಸಿಕೊಳ್ಳಬೇಕು. 2025ರಲ್ಲಿ ಫೆಬ್ರುವರಿ 11ರಿಂದಲೇ ಇದು ಜಾರಿಯಾಯಿತು. ತಲಪಾಡಿಯ ಗಡಿ ದಾಟಿದರೆ ಅದೇ ಬಿಸಿಲು, ಅದೇ ಸೆಕೆ, ಆದೇಶ ಇಲ್ಲ. ನಮ್ಮ ಕರಾವಳಿಯ ಸಾವಿರಾರು ಮನೆಗಳ ಗಂಡಸರು ದುಡಿಯುವ ಕೊಲ್ಲಿ ದೇಶಗಳಲ್ಲೂ ಇದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸುವಂತಿಲ್ಲ. ಕತಾರ್‌ನಲ್ಲಿ ವಿಶ್ವಕಪ್ ಕ್ರೀಡಾಂಗಣಗಳ ಕಾಮಗಾರಿಯ ಸಾವುಗಳು ಜಗತ್ತಿನ ಕಣ್ಣಿಗೆ ಬಿದ್ದ ಮೇಲೆ, 2021ರಲ್ಲಿ ನಿಷೇಧದ ಹೊತ್ತನ್ನು ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಹಿಗ್ಗಿಸಿದರು. ಜೊತೆಗೆ, ಮೇಲೆ ಹೇಳಿದ ಸೂಚ್ಯಂಕ 32.1 ಮುಟ್ಟಿದರೆ ಗಡಿಯಾರ ಏನೇ ಹೇಳಲಿ ಕೆಲಸ ನಿಲ್ಲಬೇಕು ಎಂದು ಸೇರಿಸಿದರು. ಆ ದೇಶಗಳನ್ನು ಕಾರ್ಮಿಕರ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಕತೆಗಳು ನಮಗೆ ಗೊತ್ತು. ಅಂಥಲ್ಲೂ ಇರುವ ಒಂದು ಅಂಕಿ ನಮ್ಮ ಕಾನೂನಿನಲ್ಲಿ ಇಲ್ಲ ಎಂಬುದು ನಾಚಿಕೆಯ ಮಾತು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆ ಬಂತು, 1998ರ ಕೇಂದ್ರ ನಿಯಮಗಳು ಬಂದವು, 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೂ ಬಂತು. ಬೇಸಿಗೆಯಲ್ಲಿ ಕೇಂದ್ರದಿಂದ ರಾಜ್ಯಗಳಿಗೆ ಹೋಗುವುದು ಮಾತ್ರ ಕೆಲಸದ ಹೊತ್ತು ಬದಲಿಸುವುದನ್ನು ಪರಿಗಣಿಸಿ ಎಂಬ ಪತ್ರ.

‘ಮೂರು ಗಂಟೆ ಕೆಲಸ ನಿಂತರೆ ಯೋಜನೆ ಮುಗಿಯುವುದು ಯಾವಾಗ?’ ಎಂಬ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ಆ ಮೂರು ಗಂಟೆ ಈಗಲೂ ಪೂರ್ತಿ ಕೈಗೆ ಸಿಗುತ್ತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ವರದಿಯ ಪ್ರಕಾರ ಬಿಸಿಲಿನಿಂದಾಗಿ ಭಾರತ 1995ರಲ್ಲಿಯೇ ಒಟ್ಟು ಕೆಲಸದ ಹೊತ್ತಿನ ಶೇ 4.3ರಷ್ಟನ್ನು ಕಳೆದುಕೊಂಡಿತ್ತು, 2030ಕ್ಕೆ ಅದು ಶೇ 5.8 ಆಗಲಿದೆ, ಅಂದರೆ ಮೂರು ಕೋಟಿ ನಲವತ್ತು ಲಕ್ಷ ಪೂರ್ಣಾವಧಿ ಕೆಲಸಗಳಿಗೆ ಸಮ. ಕಾದ ಮೈ ತಾನಾಗಿಯೇ ನಿಧಾನವಾಗುತ್ತದೆ. ನಿಧಾನವಾಗಿಯೂ ಮೇಲೆ ನಿಂತಿರುವುದು ಯಾರಿಗೂ ಲಾಭವಿಲ್ಲದ ಅಪಾಯ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾರ್ಮಿಕರದೇ. ವಿರಾಮ ಕೊಟ್ಟರೆ ಕೂಲಿ ಕಡಿಯುತ್ತಾರೆ, ಆಗ ನಮಗೆ ವಿರಾಮ ಬೇಡ ಎನ್ನುತ್ತಾರೆ. ಈ ಮಾತಿಗೆ ಉತ್ತರ ಕೊಡದ ಯಾವ ಸುರಕ್ಷತಾ ನಿಯಮವೂ ಸೈಟಿನ ಗೇಟು ದಾಟುವುದಿಲ್ಲ. ಉತ್ತರವಂತೂ ಇದೆ. ದೆಹಲಿಯಲ್ಲಿ ಗಾಳಿ ಕೆಟ್ಟು ಕಟ್ಟಡ ಕಾಮಗಾರಿಗೆ ತಡೆ ಬಿದ್ದಾಗ, ಕೂಲಿ ಕಳೆದುಕೊಂಡವರಿಗೆ ಸೆಸ್ ನಿಧಿಯಿಂದ ಹಣ ಕೊಡಿ ಎಂದು 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಕೊಟ್ಟದ್ದೂ ಆಯಿತು. ಕರ್ನಾಟಕದಲ್ಲೂ ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಹೊಗೆಗೆ ಒಪ್ಪುವ ನ್ಯಾಯ ಬಿಸಿಲಿಗೆ ಯಾಕೆ ಒಪ್ಪಬಾರದು? ಸೂಚ್ಯಂಕ ಮಿತಿ ಮೀರಿದ ದಿನ ನೋಂದಾಯಿತ ಕಾರ್ಮಿಕನ ಅರ್ಧ ದಿನದ ಕೂಲಿ ಮಂಡಳಿಯಿಂದ ಬರಲಿ. ಟೂಲ್ ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಆ ಹಣಕ್ಕೆ ಇದು ಮರ್ಯಾದೆಯ ದಾರಿ.

ಎತ್ತರದ ಬಗ್ಗೆಯೇ ಇನ್ನೊಂದು ಮಾತು. ಎಲ್ಲ ಎತ್ತರವೂ ಅನಿವಾರ್ಯವಲ್ಲ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತಿ ಕೊನೆ ಕೊಯ್ಯುತ್ತಿದ್ದವರು ನೆಲದ ಮೇಲೆ ನಿಂತು ಕೊಯ್ಯುತ್ತಿದ್ದಾರೆ, ಮದ್ದೂ ಹೊಡೆಯುತ್ತಿದ್ದಾರೆ. ದೋಟಿ ಹಿಡಿಯಲು ಅಭ್ಯಾಸ ಬೇಕು, ಕತ್ತು ನೋಯುತ್ತದೆ, ಬೆಲೆಯೂ ಕಡಿಮೆಯಲ್ಲ. ಆದರೆ ಬೀಳುವ ಪ್ರಶ್ನೆಯೇ ಇಲ್ಲ. ಯಾವ ಬೆಲ್ಟೂ ಕೊಡದ ಭದ್ರತೆ ಇದು. ಕಟ್ಟಡಗಳಲ್ಲೂ ಕಿಟಕಿಯ ಗ್ರಿಲ್ಲು, ಛಾವಣಿಯ ಟ್ರಸ್ಸು, ಸೋಲಾರ್ ಚೌಕಟ್ಟು ಇಂಥವನ್ನು ಕೆಳಗೇ ಜೋಡಿಸಿ ಕ್ರೇನಿನಲ್ಲಿ ಏರಿಸಿದರೆ ಮೇಲಿರುವ ಹೊತ್ತು ಎಷ್ಟೋ ಇಳಿಯುತ್ತದೆ.

ಏರಲೇಬೇಕಾದಲ್ಲಿ ಬೆಲ್ಟು ಬೇಕು, ಸೊಂಟಕ್ಕಷ್ಟೇ ಬಿಗಿಯುವ ಹಳೆಯದಲ್ಲ, ಐಎಸ್ 3521ರ ಗುರುತಿರುವ, ಹೆಗಲು ತೊಡೆ ಎರಡನ್ನೂ ಹಿಡಿಯುವ ಪೂರ್ಣ ಹಾರ್ನೆಸ್. ಅದನ್ನು ತೊಟ್ಟೂ ಕೊಕ್ಕೆ ಎಲ್ಲಿಗೂ ಸಿಕ್ಕಿಸದೆ ಓಡಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಸಿಕ್ಕಿಸಲು ಗಟ್ಟಿಯಾದ ಜಾಗ ಮಾಡಿಕೊಡದೆ ಬೆಲ್ಟು ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಬಿಸಿಲಿಗೆ ಅದು ಉಸಿರುಗಟ್ಟಿಸುತ್ತದೆ, ಅದರಡಿ ಬೆವರು ಆರುವುದಿಲ್ಲ, ಅದಕ್ಕೇ ಬಿಚ್ಚಿಡುತ್ತಾರೆ. ಬೆಲ್ಟು ಮೈಮೇಲೆ ಉಳಿಯಬೇಕಾದರೂ ತಂಪು ಹೊತ್ತಿನ ಕೆಲಸವೇ ಬೇಕು. ಬೆಲ್ಟು ಹಿಡಿದು ನಿಲ್ಲಿಸಿದ ಮೇಲೂ ಕತೆ ಮುಗಿಯುವುದಿಲ್ಲ. ಜೋತುಬಿದ್ದವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಬೆವರಿ ಒಣಗಿದವನಿಗೆ ಇನ್ನೂ ಬೇಗ. ಅವನನ್ನು ಇಳಿಸುವುದು ಹೇಗೆ, ಯಾರು, ಯಾವ ಹಗ್ಗದಲ್ಲಿ ಎಂಬುದು ಬೆಳಗ್ಗೆಯೇ ತೀರ್ಮಾನವಾಗಿರಬೇಕು.

ವಿದ್ಯುತ್ ಕಂಬ ಹತ್ತುವ ಪವರ್‌ಮನ್‌ಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು. ಬೇಡಿಕೆ ಏರಿ ಟ್ರಾನ್ಸ್‌ಫಾರ್ಮರ್ ಸುಡುವುದೂ ಬೇಸಿಗೆಯಲ್ಲೇ, ಮುಂಗಾರು ಪೂರ್ವ ಮಳೆಗೆ ತಂತಿ ಹರಿಯುವುದೂ ಆಗಲೇ. ಬೆವರಿದ ಕೈಗೆ ರಬ್ಬರ್ ಕೈಗವಸು, ಕೆಳಗೆ ‘ಕರೆಂಟು ಯಾವಾಗ ಬರುತ್ತೆ’ ಎಂದು ಕೂಗುವ ನಾವು. ಲೈನ್ ಕ್ಲಿಯರ್ (ಎಲ್‌ಸಿ) ಪಡೆದು, ಲೈನು ಸತ್ತಿದೆಯೆಂದು ಪರೀಕ್ಷಿಸಿ, ಅರ್ಥಿಂಗ್ ಮಾಡಿ ಹತ್ತುವ ತಾಳ್ಮೆ ಆ ಕೂಗಿನ ನಡುವೆಯೂ ಉಳಿಯಬೇಕು.

ಕುಸಿದವನನ್ನು ನೋಡಿಕೊಳ್ಳುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ, ಮೈ ಒಣಗಿದ್ದರೆ ಮಾತ್ರ ಬಿಸಿಲಿನ ಆಘಾತ ಎಂದು. ದುಡಿಯುತ್ತಲೇ ಕುಸಿದವನ ಮೈ ಬೆವರಿನಿಂದ ತೊಯ್ದೇ ಇರಬಹುದು. ಮಾತು ತೊದಲುತ್ತಿದೆಯೆ, ಗೊಂದಲದಲ್ಲಿದ್ದಾನೆಯೆ, ಸಂಬಂಧವಿಲ್ಲದೆ ಸಿಟ್ಟಾಗುತ್ತಿದ್ದಾನೆಯೆ ಎಂಬುದನ್ನು ನೋಡಬೇಕು. ಒಳಗಿನ ಉಷ್ಣಾಂಶ 40 ಡಿಗ್ರಿ ಮೀರಿದರೆ ಮಿದುಳು ಮೊದಲು ಸೋಲುತ್ತದೆ. ಆಗ ಆಂಬುಲೆನ್ಸಿಗೆ 108 ಒತ್ತಿ ಸುಮ್ಮನೆ ಕಾಯಬಾರದು. ಬರುವ ತನಕ ತಣ್ಣಗಾಗಿಸಬೇಕು. ಸೈಟಿನಲ್ಲಿ ಕ್ಯೂರಿಂಗಿಗೆಂದು ನೀರಿನ ತೊಟ್ಟಿ, ಪೈಪು ಇದ್ದೇ ಇರುತ್ತದೆ. ಬಟ್ಟೆ ಸಡಿಲಿಸಿ ತಲೆಯಿಂದ ಕಾಲಿನವರೆಗೆ ನೀರು ಹರಿಸಿ, ಬೀಸಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಮೊದಲ ಅರ್ಧ ಗಂಟೆ ಉಳಿದೆಲ್ಲ ಚಿಕಿತ್ಸೆಗಿಂತ ದೊಡ್ಡದು.

ಸರ್ಕಾರ, ಗುತ್ತಿಗೆದಾರ ಎಂದು ಬೆರಳು ತೋರಿಸಿದ ಮೇಲೆ ಓದುಗರ ಕಡೆಗೂ ತಿರುಗಬೇಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ದುರಸ್ತಿ, ಬಣ್ಣದ ಕೆಲಸಕ್ಕೆ ಬೆಳಗ್ಗೆ 10ರ ಮೊದಲು ಒಳಗೆ ಬಿಡುವುದಿಲ್ಲ, ಸಂಜೆ 5ಕ್ಕೆ ಹೊರಡಬೇಕು. ನಿವಾಸಿಗಳ ನಿದ್ದೆ ಕೆಡಬಾರದು, ಸಂಜೆಯ ವಾಕಿಂಗಿಗೆ ಅಡ್ಡಿಯಾಗಬಾರದು. ಹೀಗೆ ದಿನದ ಅತಿ ಕೆಟ್ಟ ಏಳು ಗಂಟೆಗಳನ್ನೇ ಆರಿಸಿ, ಹಗ್ಗದಲ್ಲಿ ತೂಗಾಡುತ್ತ ಹನ್ನೆರಡನೇ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುವವನಿಗೆ ನಾವು ಕೊಟ್ಟಿದ್ದೇವೆ. ಇದಕ್ಕೆ ಯಾವ ಕಾಯ್ದೆಯೂ ಕಾರಣವಲ್ಲ. ಶಬ್ದದ ನಿಯಮಗಳು ತಡೆಯುವುದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ, ಬಣ್ಣದ ಬ್ರಷ್ಷು ಶಬ್ದ ಮಾಡುವುದೂ ಇಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಮಾರ್ಚ್‌ನಿಂದ ಮೇ ತನಕ ಹೊರಗೋಡೆಯ ಕೆಲಸಕ್ಕೆ ಬೆಳಗ್ಗೆ 6ಕ್ಕೆ ಗೇಟು ತೆರೆಯಲಿ, 11ಕ್ಕೆ ಎಲ್ಲರೂ ಕೆಳಗಿಳಿಯಲಿ, 3.30ರ ನಂತರ ಬೇಕಾದರೆ ಮತ್ತೆ ಹತ್ತಲಿ, ಕೂಲಿ ಪೂರ್ತಿ ಕೊಡಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ನಿಮ್ಮ ಸಂಘದ ಒಂದು ಠರಾವು ಸಾಕು.